ದಾಳ, ನಕಾಶಿ, ಅಂಪೈರು: ಯುದ್ಧದಾಟದ ಬಗ್ಗೆ ನೀವು ಕೇಳಿದ್ದು, ನಾವು ಹೇಳೋದು

ಹೋದ ಸಂಚಿಕೆಯೊಳಗ ಚದುರಂಗದ ಬಗ್ಗೆ ಬರೀತಾ ಕಡೀಕ ಒಂದ್ ಸಾಲು ಹಾಕಿದ್ವಿ, ಇವತ್ತಿನ ಮೊಬೈಲ್ ಕಂಪ್ಯೂಟರ್ ವಾರ್‌ಗೇಮಿನ ಬೇರು ಇರೋದು ಜರ್ಮನಿ ಕಡೆ ಇದ್ದ ಪ್ರಷ್ಯಾ ಅನ್ನೋ ರಾಜ್ಯದ ಸೈನ್ಯದಾಗ ಅಂತ. ಅಷ್ಟಕ್ಕ ಇಷ್ಟು ಪತ್ರ, ವಾಟ್ಸಾಪ್ ಮೆಸೇಜು ಬರ್ತಾವಂತ ಅನ್ಕೊಂಡಿರ್ಲಿಲ್ಲ ನೋಡ್ರಿ. ಅರ್ಧ ಮಂದಿ ಜಗಳಾ ತಗದಾರ, ಅರ್ಧ ಮಂದಿ ಇನ್ನಷ್ಟು ಹೇಳ್ರಿ ಅಂದಾರ. ಅದಕ್ಕ ಈ ಸಲ ಪೂರಾ ಜಾಗಾ ಇದಕ್ಕ ಕೊಟ್ಟೇವಿ, ಆಸ್ತಿ ತೆರಿಗಿ, ಖಾತೆ ಬದಲಾವಣಿ ಕೇಳಿದವ್ರು ಒಂದ್ ತಿಂಗಳ ತಡಕೋರಿ.

ಪ್ರಶ್ನೆ (ಹುಬ್ಬಳ್ಳಿ ವಿದ್ಯಾನಗರದಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ಚದುರಂಗ ನಮ್ದು. ಆನಿ, ಕುದುರಿ, ರಥ, ಕಾಲಾಳು ಎಲ್ಲಾ ನಮ್ಮ ದಂಡಿನಿಂದನ ಬಂದಿದ್ದು. ಹಂಗಿದ್ರ ವಾರ್‌ಗೇಮ್ ಹುಟ್ಟಿದ್ದೂ ಇಲ್ಲೇ ಅಲ್ಲೇನ್ರಿ? ಪ್ರಷ್ಯಾದವ್ರಿಗೆ ಯಾಕ ಕ್ರೆಡಿಟ್ ಕೊಡ್ತೀರಿ?

ಉತ್ತರ: ತಮ್ಮಾ, ಚದುರಂಗ ನಮ್ದು ಅನ್ನೋದರಾಗ ನಮ್ಮ ತಕರಾರಿಲ್ಲ. 7ನೇ ಶತಮಾನದ ಬಾಣಭಟ್ಟನ ಹರ್ಷಚರಿತದಾಗ ಅದರ ಸುದ್ದಿ ಬರ್ತೈತಿ, ಇಲ್ಲಿಂದ ಪರ್ಷಿಯಾಕ್ಕ ಹೋಗಿ ಚತ್ರಂಗ್ ಆತು, ಅರಬರ ಕೈಯಾಗ ಶತರಂಜ್ ಆತು, ಆಮ್ಯಾಲೆ ಯುರೋಪಿಗೆ ಹೋತು. ನಮ್ಮ ಕಡಿದ ಹೇಳ್ಬೇಕಂದ್ರ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ ಮಾನಸೋಲ್ಲಾಸದಾಗ ರಾಜರ ವಿನೋದಗಳ ಪಟ್ಟಿಯೊಳಗ ಚದುರಂಗದ ಆಟ ವಿವರವಾಗಿ ಐತಿ. ಲಕ್ಕುಂಡಿ ಗುಡಿ ನೋಡಾಕ ಹೋದ್ರ ನೆನಪ ಮಾಡ್ಕೋ, ಅದ ರಾಜವಂಶ.

ಆದ್ರ ಚದುರಂಗದಾಗ ಯುದ್ಧದ್ದು ಹೆಸರು ಐತಿ, ಯುದ್ಧ ಇಲ್ಲ. ಎರಡೂ ದಂಡು ಸಮ, ನೆಲ ಸಪಾಟು, ಗುಡ್ಡಿಲ್ಲ ಹೊಳಿ ಇಲ್ಲ, ಎದುರಾಳಿ ಕಾಯಿ ಪೂರಾ ಕಾಣ್ತಾವ, ಎಲ್ಲಕ್ಕಿಂತ ದೊಡ್ಡದು ಅಂದ್ರ ನೀ ಹೊಡಿಯಾಕ ಹೋದ್ರ ಎದುರಿನ ಕಾಯಿ ಸಾಯೋದು ಗ್ಯಾರಂಟಿ. ಯಾವ ಯುದ್ಧದಾಗ ಆ ಗ್ಯಾರಂಟಿ ಐತಿ ಹೇಳು? ಒಂದ್ ಕಾಲಾಳು ಪಡೆ ಗುಡ್ಡದ ಮ್ಯಾಲ ಕುಂತಿದ್ರ ಅದರ ನಾಕು ಪಟ್ಟು ಮಂದಿನೂ ವಾಪಸ್ ಓಡಿ ಬರಬಹುದು. ಈ "ಏನಾಗ್ತೈತಿ ಅಂತ ಮೊದ್ಲ ಹೇಳಾಕ ಬರೂದಿಲ್ಲ" ಅನ್ನೋದನ್ನ ಆಟದಾಗ ಹೆಂಗ ತರೋದು, ಮತ್ತ ಕಡೀಕ ಏನಾತು ಅಂತ ತೀರ್ಪು ಕೊಡೋರು ಯಾರು, ವಾರ್‌ಗೇಮಿನ ಇತಿಹಾಸ ಅಂದ್ರ ಇಷ್ಟ. ಉಳಿದಿದ್ದೆಲ್ಲಾ ಕಾಯಿಗೆ ಹಚ್ಚಿದ ಬಣ್ಣ.

ಚದುರಂಗನ ದೊಡ್ಡದು ಮಾಡಿ ಯುದ್ಧದ ಹತ್ರ ತರಾಕ ನೋಡಿದವ್ರು ಇದ್ರು. 1664ರಾಗ ಜರ್ಮನಿಯ ಊಲ್ಮ್ ಊರಿನ ಕ್ರಿಸ್ಟೋಫ್ ವೈಕ್‌ಮನ್ ಒಂದ್ ದೊಡ್ಡ ರಾಜರಾಟ ಅಂತ ಮಾಡಿದ, ಕಾಯಿ ಹೆಚ್ಚಾದ್ವು, ಬುದ್ಧಿ ಅದ ಉಳೀತು. 1780ರಾಗ ಬ್ರನ್ಸ್‌ವಿಕ್‌ನ ಗಣಿತದ ಮೇಷ್ಟ್ರು ಯೋಹಾನ್ ಹೆಲ್ವಿಗ್ (ಹುಳ ಹುಪ್ಪಡಿ ಶಾಸ್ತ್ರದಾಗೂ ಪಂಡಿತ, ಯಾಕೋ ಇಂಥಾ ಮಂದೀನ ಇಂಥಾ ಆಟ ಮಾಡ್ತಾರ) 1600ಕ್ಕೂ ಹೆಚ್ಚು ಮನಿ ಇರೋ ಹಾಸು ಮಾಡಿ, ಒಂದೊಂದು ಮನಿಗೆ ಬಣ್ಣ ಕೊಟ್ಟು ಇದು ಗುಡ್ಡ, ಇದು ನೀರು, ಇದು ಕೆಸರು ಅಂತ ಗುರ್ತು ಹಾಕಿದ, ತೋಪು ತಂದ, ರಾಜನ್ನ ಹಿಡಿಯೋದು ಬಿಟ್ಟು ಎದುರಾಳಿ ಕೋಟಿ ಹಿಡಿಯೋದು ಗೆಲುವು ಅಂದ. ಆಮ್ಯಾಲೆ ವೆಂಚುರಿನಿ ಅನ್ನಾವ ಅದನ್ನ 3600 ಮನಿಗೆ ಎಳದ. ನೆಲ ಬಂತು ಖರೆ, ಮನಿ ಮಾತ್ರ ಹೋಗ್ಲಿಲ್ಲ, ಗ್ಯಾರಂಟಿ ಸಾವೂ ಹೋಗ್ಲಿಲ್ಲ. ಅದನ್ನ ಕಿತ್ತು ಒಗದವ್ರು ಪ್ರಷ್ಯಾದ ಒಬ್ಬ ಅಪ್ಪ, ಒಬ್ಬ ಮಗ. ಅದಕ್ಕ ಕ್ರೆಡಿಟ್ ಅವ್ರಿಗೆ.

ಪ್ರಶ್ನೆ (ಗದಗ-ಬೆಟಗೇರಿಯಿಂದ ಒಬ್ಬ ನಿವೃತ್ತ ಮಾಸ್ತರ್ರು): ಆ ಅಪ್ಪ ಮಗ ಯಾರು, ಅವರು ಮಾಡಿದ್ದು ಏನು ಅನ್ನೋದನ್ನ ಸ್ವಲ್ಪ ಬಿಡಿಸಿ ಬರೀರಿ. ನಾವು ಇತಿಹಾಸ ಕಲಿಸಿದವ್ರು, ಬಿಸ್ಮಾರ್ಕ್ ತನಕ ಗೊತ್ತೈತಿ, ಇದು ಗೊತ್ತಿಲ್ಲ.

ಉತ್ತರ: ಮಾಸ್ತರ್ರ, ಬಿಸ್ಮಾರ್ಕ್‌ನ ಯುದ್ಧ ಗೆದ್ದು ಕೊಟ್ಟ ಮೋಲ್ಟ್ಕೆ ಹೆಸರು ನೀವು ಕಲಿಸಿರ್ತೀರಿ, ಆತ ತರುಣ ಆಫೀಸರ್ ಇದ್ದಾಗ ಆಡ್ತಿದ್ದ ಆಟ ಇದು. ಅಪ್ಪನ ಹೆಸರು ಗೇಯೋರ್ಗ್ ಲೆಯೊಪೋಲ್ಡ್ ಫಾನ್ ರೈಸ್‌ವಿಟ್ಸ್, ಬ್ರೆಸ್ಲಾವ್ ಊರಿನಾಗ ಸರ್ಕಾರಿ ಹುದ್ದೆದಾಗ ಇದ್ದಾವ, ಸಿಪಾಯಿ ಅಲ್ಲ. ಈತ ಮನಿ ಮನಿ ಹಾಸನ್ನ ಬಿಟ್ಟು ಹಸಿ ಉಸುಕಿನಾಗ ಗುಡ್ಡ ಕಣಿವಿ ಮಾಡಿ ಅದರ ಮ್ಯಾಲ ಕಟಗಿ ತುಣುಕು ಸರಿಸಿ ಆಡಿಸ್ತಿದ್ದ, ಎಷ್ಟು ದೂರ ಹೋಗಬೇಕಂದ್ರ ಅಳತಿ ಹಿಡದು ನೋಡೋದು. ಸುದ್ದಿ ರಾಜಕುಮಾರರ ಕಿವಿಗೆ ಬಿತ್ತು, ಅವರಿಂದ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್‌ನ ಕಿವಿಗೆ. ರಾಜ ತೋರ್ಸು ಅಂದ. ರಾಜರ ಮುಂದ ಉಸುಕು ಸುರವಾಕ ಆಗ್ತೈತೇನ್ರಿ, ಪಾಪ, ಆತ ಟೈಮ್ ಕೇಳ್ಕೊಂಡು 1812ರಾಗ ಒಂದ್ ಭಾರೀ ಟೇಬಲ್ಲ ಮಾಡಿಸ್ಕೊಂಡು ಬಂದ. ಪ್ಲಾಸ್ಟರಿನ ಸಣ್ಣ ಸಣ್ಣ ಫಲಕ, ಒಂದರ ಮ್ಯಾಲ ಹೊಳಿ, ಒಂದರ ಮ್ಯಾಲ ಗುಡ್ಡ, ಇನ್ನೊಂದರ ಮ್ಯಾಲ ರಸ್ತೆ, ಹೆಂಗ ಬೇಕಾದ್ರೂ ಜೋಡಿಸಿ ಹೊಸಾ ಸೀಮಿ ಮಾಡಬಹುದು, ಕಾಯಿ ಪೋರ್ಸಲಿನ್‌ದು, ಕೆಳಗ ಡ್ರಾವರು. ರಾಜ ಖುಷ್ ಆದ, ಅರಮನ್ಯಾಗ ಆಟ ನಡೀತು. ಆದ್ರ ಅಂಥಾ ಟೇಬಲ್ಲ ಯಾವ ರೆಜಿಮೆಂಟಿನವ್ರು ಮಾಡಿಸ್ಯಾರು? ಅಲ್ಲೇ ನಿಂತ್ಹೋತು.

ಮಗ ಗೇಯೋರ್ಗ್ ಹೈನ್ರಿಖ್, ತೋಪಿನ ಪಡೆದಾಗ ಲೆಫ್ಟಿನೆಂಟ್. ಅಸಲಿ ಕೆಲಸ ಈತಂದು. 1824ರಾಗ ಈತ ನಿಯಮದ ಪುಸ್ತಕ ಅಚ್ಚು ಹಾಕಿಸಿದ. ಟೇಬಲ್ಲ ಬಿಟ್ಟ, ಸೈನ್ಯದವ್ರ ಕೈಯಾಗಿನ ನಕಾಶಿ ತಗೊಂಡ, 1:8000 ಅಳತಿ, ಅಂದ್ರ ಕಾಗದದ ಮ್ಯಾಲ 1 ಸೆಂಟಿಮೀಟರ್ ಅಂದ್ರ ನೆಲದ ಮ್ಯಾಲ 80 ಮೀಟರ್. ಒಂದ್ ಸರ್ತಿ ಅಂದ್ರ 2 ನಿಮಿಷ, ಆ 2 ನಿಮಿಷದಾಗ ಕಾಲಾಳು ಎಷ್ಟು ನಡೀತಾವ, ಕುದುರಿ ಎಷ್ಟು ಓಡ್ತಾವ ಅಷ್ಟ ಸರಸಬೇಕು. ಗುಂಡು ಹೊಡದ್ರ ಎಷ್ಟು ಮಂದಿ ಬೀಳ್ತಾರ ಅನ್ನೋದಕ್ಕ ದಾಳ, ಆದ್ರ ಸುಮ್ಮನ ಅದೃಷ್ಟದ ದಾಳ ಅಲ್ಲ, ಶಾರ್ನ್‌ಹೋರ್ಸ್ಟ್ ಅನ್ನೋ ಜನರಲ್ಲು ಬಂದೂಕು ತೋಪು ಹೊಡಿಸಿ ಹೊಡಿಸಿ ಎಷ್ಟು ದೂರಕ್ಕ ಎಷ್ಟು ಗುಂಡು ತಾಕ್ತಾವ ಅಂತ ಲೆಕ್ಕ ಇಟ್ಟಿದ್ನಲ್ಲ, ಆ ಲೆಕ್ಕದ ಮ್ಯಾಲ ಕಟ್ಟಿದ ದಾಳ.

ಇವೆಲ್ಲಕ್ಕಿಂತ ನನಗ ದೊಡ್ಡದು ಅನ್ಸೋದು ಮೂರನೇ ಮನಷ್ಯಾ, ಅಂಪೈರು. ಆಡೋರು ಕಾಯಿ ಮುಟ್ಟೂದಿಲ್ಲ, ತಮ್ಮ ಹುಕುಂ ಚೀಟಿದಾಗ ಬರದು ಅಂಪೈರಿಗೆ ಕೊಡ್ತಾರ, ಚೀಟಿ ಪಡೆಗೆ ಮುಟ್ಟಾಕ ಸವಾರಗ ಎಷ್ಟು ಹೊತ್ತು ಹಿಡೀತೈತಿ ಅನ್ನೋದನ್ನೂ ಅಂಪೈರ್ ಲೆಕ್ಕಾ ಹಾಕ್ತಾನ, ಎದುರಾಳಿ ಪಡೆ ನಿಮ್ಮ ಮಂದಿ ಕಣ್ಣಿಗೆ ಬೀಳೋ ಜಾಗಾದಾಗ ಇದ್ರಷ್ಟ ನಕಾಶಿ ಮ್ಯಾಲ ಇಡ್ತಾನ. ಗುಡ್ಡದ ಹಿಂದಿನ ದಂಡು ಐತೋ ಇಲ್ಲೋ ದೇವ್ರಿಗೆ ಗೊತ್ತು, ಅಂಪೈರಗ ಗೊತ್ತು. ಇದು 200 ವರ್ಷದ ಹಿಂದಿಂದು ಅಂತ ನೆನಪಿರ್ಲಿ. ಮೊಬೈಲ್ ಗೇಮಿನಾಗ ಮ್ಯಾಪ್ ಅರ್ಧ ಕರ್ರಗ ಇರ್ತೈತಲ್ಲ, ಅದು ಇದ.

ಸೇನಾ ಮುಖ್ಯಸ್ಥ ಜನರಲ್ ಮ್ಯುಫ್ಲಿಂಗ್ ಈ ಆಟ ನೋಡಾಕ ಬಂದಾಗ ಮೊದ್ಲ ಮಾರಿ ಸಿಂಡರಿಸ್ಕೊಂಡ ಕುಂತಿದ್ನಂತ, ಆಟ ಮುಂದುವರದಂಗ ಎದ್ದು ಇದು ಆಟ ಅಲ್ಲ, ಯುದ್ಧದ ತಾಲೀಮು, ಇಡೀ ಸೈನ್ಯಕ್ಕ ಇದನ್ನ ಹೇಳ್ತೀನಿ ಅಂದ ಅಂತ ಬರದಾರ. ಹೇಳಿದಂಗ ಮಾಡಿದ, ರೆಜಿಮೆಂಟಿಗೆ ಒಂದೊಂದು ಸೆಟ್ ಹೋತು. ಲೆಫ್ಟಿನೆಂಟನ ಕಥಿ ಮಾತ್ರ ಕೆಟ್ಟದು. ಸಣ್ಣ ವಯಸ್ಸಿನಾವಗ ರಾಜನ ಮನಿಯೊಳಗ ಮಾನ ಸಿಕ್ಕಿದ್ದಕ್ಕ ಜತೀಗಿನವ್ರ ಹೊಟ್ಟಿಕಿಚ್ಚು ಇತ್ತು ಅಂತಾರ, ಬರ್ಲಿನ್‌ನಿಂದ ತೋರ್ಗಾವ್ ಅನ್ನೋ ಊರಿಗೆ ವರ್ಗಾ ಆತು, 1827ರಾಗ ಗುಂಡು ಹೊಡ್ಕೊಂಡು ಸತ್ತ. ಆತನ ಆಟ ಆಡಿ ಬೆಳದ ಮೋಲ್ಟ್ಕೆ 1857ರಾಗ ಸೇನಾ ಮುಖ್ಯಸ್ಥ ಆದ, 1866ರಾಗ ಆಸ್ಟ್ರಿಯಾ, 1870-71ರಾಗ ಫ್ರಾನ್ಸ್ ಸೋತ್ವು, ಆವಾಗ ಇಂಗ್ಲಂಡ್, ಅಮೆರಿಕಾ, ಎಲ್ಲಾರೂ ಇವ್ರು ಏನ್ ಆಡ್ತಾರ ನೋಡೂಣು ಅಂತ ಬೆನ್ನ ಹತ್ತಿದ್ರು. ಆಟ ಆಡಿದ್ದಕ್ಕ ಯುದ್ಧ ಗೆದ್ರು ಅನ್ನೋದು ಅತಿ ಆತು, ರೈಲು, ಒಳ್ಳೆ ತೋಪು, ಕಡ್ಡಾಯ ಸೈನ್ಯ ಇವೂ ಇದ್ವಲ್ಲ. ಆದ್ರ ಮಂದಿ ಹಂಗ ನಂಬಿದ್ರು.

ಪ್ರಶ್ನೆ (ಧಾರವಾಡ ಸಪ್ತಾಪುರದಿಂದ ಒಬ್ಬರು ವಕೀಲರು): ಎಲ್ಲಾ ಅಂಪೈರ್ ಕೈಯಾಗ ಅಂದ್ರ, ಅಂಪೈರನ ಒಂದ್ ಕಡೆ ವಾಲಿದ್ರ? ಆಟದ ಅರ್ಥ ಏನ್ ಉಳೀತು?

ಉತ್ತರ: ವಕೀಲರಿಗೆ ಬರಬೇಕಾದ ಪ್ರಶ್ನೆನ ಬಂತು. ಈ ಜಗಳಾ ಪ್ರಷ್ಯಾದಾಗೂ ನಡದೈತ್ರಿ, ಆದ್ರ ಉಲ್ಟಾ. ನಿಯಮ ಹೆಚ್ಚಾಗಿ, ಕೋಷ್ಟಕ ತಿರುವಿ ಹಾಕೋದರಾಗ ಹೊತ್ತು ಹೋಗಿ ಆಫೀಸರ್‌ಗಳು ಆಕಳಿಸಾಕ ಹತ್ತಿದ್ರು. 1873ರಾಗ ಮೆಕೆಲ್ ಅನ್ನಾವ ನಿಯಮ ಕಡಿಮಿ ಮಾಡ್ರಿ ಅಂದ (ಇದ ಮೆಕೆಲ್ 1885ರಾಗ ಜಪಾನಿಗೆ ಹೋಗಿ ಅಲ್ಲಿನ ಸೈನ್ಯಕ್ಕ ಪಾಠಾ ಹೇಳಿದ), 1876ರಾಗ ವೆರ್ಡಿ ದು ವೆರ್ನ್ವಾ ಅನ್ನಾವ ಪುಸ್ತಕಾ ದಾಳಾ ಎರಡೂ ಒಗೀರಿ, ಯುದ್ಧ ಕಂಡ ಅನುಭವಸ್ಥ ಆಫೀಸರ್ ಅಂಪೈರ್ ಇದ್ದಾಗ ಆತ ಹೇಳಿದ್ದ ಖರೆ ಅಂದ. ಕುಸ್ತಿ ಕಣದಾಗ ಹಳೇ ಪೈಲ್ವಾನರನ್ನ ಪಂಚರಾಗಿ ಕುಂದರಿಸಿದಂಗ. ಆಟ ಜೋರಾತು, ಆದ್ರ ನೀವು ಹೇಳೋ ರೋಗ ಅಲ್ಲಿಂದನ ಶುರು.

ಅದರ ಕೆಟ್ಟ ಉದಾಹರಣಿ ಜಪಾನ್‌ದ್ದು. 1942ರ ಮೇ ತಿಂಗಳದಾಗ, ಅಮೆರಿಕಾದ ಕೈಯಾಗಿದ್ದ ಮಿಡ್‌ವೇ ಅನ್ನೋ ದ್ವೀಪದ ಮ್ಯಾಲಿನ ದಾಳಿಗೆ ಮುಂಚೆ ಯಾಮಾಟೊ ಹಡಗಿನ್ಯಾಗ ಆಟ ಆಡಿ ನೋಡಿದ್ರು. ದಾಳ ಬಿದ್ದ ಪ್ರಕಾರ ಅಮೆರಿಕಾದ ವಿಮಾನದಿಂದ ಜಪಾನಿನ ಹಡಗಿಗೆ 9 ಬಾಂಬು ತಾಕಿದ್ವು, ಮುಖ್ಯ ಅಂಪೈರ್ ಆಗಿದ್ದ ಅಡ್ಮಿರಲ್ ಉಗಾಕಿ ಅಷ್ಟಾಗಂಗಿಲ್ಲ 3 ಅನ್ರಿ ಅಂದ, ಅಷ್ಟಾದ್ರೂ ಮುಳುಗಿದ ಕಾಗಾ ಅನ್ನೋ ಹಡಗು ಮುಂದಿನ ಆಟದಾಗ ಮತ್ತ ಜೀವಂತ ಬಂತು. ಜೂನ್ ತಿಂಗಳದಾಗ ಖರೇ ಸಮುದ್ರದಾಗ ಆ ಕಾಗಾ ಸೇರಿ ನಾಕು ವಿಮಾನ ಹಡಗು ತಳಾ ಕಂಡ್ವು. ಈ ಕಥಿ ಹೇಳಿದಾವ ಪರ್ಲ್ ಹಾರ್ಬರ್ ದಾಳಿ ಮುಂದ ನಿಂತು ಮಾಡಿದ ಫುಚಿದಾ, ಆತನ ಮಾತೆಲ್ಲಾ ಕಣ್ಣ ಮುಚ್ಚಿ ನಂಬಬ್ಯಾಡ್ರಿ ಅನ್ನೋ ಇತಿಹಾಸಕಾರರು ಅದಾರ. ಸಾಕ್ಷಿ ಎಷ್ಟು ಗಟ್ಟಿ ಅನ್ನೋದು ನಿಮ್ಮ ಇಲಾಖಾ. ನನ್ನ ಮಾತು ಇಷ್ಟ, ತನಗ ಬೇಕಾದ ಉತ್ತರ ಬರೋ ತನಕ ದಾಳ ಒಗಿಯೋ ಅಂಪೈರ್ ಇದ್ರ ಆಟ ಆಡದ ಇರೋದ ಚಲೋ, ಯಾಕಂದ್ರ ಆಡದಿದ್ರ ಹೆದರಿಕಿ ಆದ್ರೂ ಇರ್ತೈತಿ.

ಪ್ರಶ್ನೆ (ಹಾವೇರಿಯಿಂದ ಒಬ್ಬರು ಗೃಹಿಣಿ): ನಮ್ಮ ಮಗ ಪ್ಲಾಸ್ಟಿಕ್ ಸಿಪಾಯಿ ಇಟ್ಕೊಂಡು ಹಾಲ್ ತುಂಬಾ ಯುದ್ಧ ಮಾಡ್ತಾನ, ಕಾಲಿಡಾಕ ಜಾಗಾ ಇಲ್ಲ. ಸೈನ್ಯದವ್ರ ಆಟ ಮನಿಗೆ ಯಾವಾಗ ಬಂತ್ರಿ? ಇದರಿಂದ ಹುಡುಗ್ರು ಜಗಳಗಂಟ ಆಗ್ತಾರೇನು?

ಉತ್ತರ: ಅಕ್ಕಾರ, ನಿಮ್ಮ ಮಗನ ಸಾಲಿನಾಗ ದೊಡ್ಡ ದೊಡ್ಡ ಮಂದಿ ಅದಾರ. ಟ್ರೆಷರ್ ಐಲಂಡ್ ಬರದ ಸ್ಟೀವನ್‌ಸನ್ 1881-82ರ ಚಳಿಗಾಲದಾಗ ಸ್ವಿಟ್ಜರ್ಲೆಂಡಿನ ದಾವೋಸ್‌ದಾಗ ಆರೋಗ್ಯ ಸುಧಾರಿಸ್ಕೊಳ್ಳಾಕ ಹೋಗಿ, ಮಲಮಗ ಲಾಯ್ಡ್ ಜೋಡಿ ಅಟ್ಟದ ಮ್ಯಾಲ ನೆಲಕ್ಕ ಸೀಮೆಸುಣ್ಣದಾಗ ನಕಾಶಿ ಬರದು ಸೀಸದ ಸಿಪಾಯಿ ಆಡಿಸ್ತಿದ್ದ. 1893ರಾಗ ಇಂಗ್ಲಂಡಿನ ಬ್ರಿಟನ್ಸ್ ಕಂಪನಿ ಒಳಗ ಟೊಳ್ಳು ಇರೋ ಸೀಸದ ಸಿಪಾಯಿ ಎರಕ ಹೊಯ್ಯೋದು ಕಂಡು ಹಿಡೀತು, ಸೀಸ ಕಡಿಮಿ, ರೇಟ್ ಕಡಿಮಿ, ನಡುಮಧ್ಯದ ಮನಿಗೂ ದಂಡು ಬಂತು. ಇದಾಗದಿದ್ರ ಮುಂದಿಂದು ಯಾವುದೂ ಆಗ್ತಿರ್ಲಿಲ್ಲ ಅನ್ನಿಸ್ತೈತಿ ನನಗ.

ಆಮ್ಯಾಲೆ 1913ರಾಗ ಎಚ್.ಜಿ. ವೆಲ್ಸ್ ಲಿಟಲ್ ವಾರ್ಸ್ ಅಂತ ಪುಸ್ತಕ ಬರದ. ಅಂಪೈರ್ ಬ್ಯಾಡ, ದಾಳ ಬ್ಯಾಡ, ಸ್ಪ್ರಿಂಗ್ ಹಾಕಿದ ಆಟಿಗಿ ತೋಪಿನಿಂದ ಕಟಗಿ ಗುಂಡು ಹೊಡೀರಿ, ಬಿದ್ದ ಸಿಪಾಯಿ ಸತ್ತ, ತೀರ್ಪು ಮುಗೀತು! 9 ಗಜ ದೂರದಿಂದ ಹತ್ತಕ್ಕ ಒಂಬತ್ತು ಸಲ ಸಿಪಾಯಿನ್ನ ಕೆಡವ್ತಿತ್ತಂತ ಆ ತೋಪು. ಕಾಲಾಳು ಒಂದ್ ಫೂಟ್, ಕುದುರಿ ಎರಡ್ ಫೂಟ್, ಗಡಿಯಾರ ನೋಡಿ ಟೈಮ್. ಪ್ರಷ್ಯಾದವ್ರು ನೂರು ವರ್ಷ ತಲಿ ಕೆಡಿಸ್ಕೊಂಡ ಪ್ರಶ್ನೆಗೆ ಇಷ್ಟ ಸೀದಾ ಉತ್ತರ ಕೊಟ್ಟಾವ ಈತ ಒಬ್ಬನ. ಜಗಳಗಂಟತನದ ಬಗ್ಗೆ ಕೇಳಿದ್ರಲ್ಲ, ವೆಲ್ಸ್ ಯುದ್ಧ ಬ್ಯಾಡ ಅನ್ನೋ ಪೈಕಿ, ಪುಸ್ತಕದ ಕೊನಿಗೆ ಯುದ್ಧದ ಹುಚ್ಚು ಇರೋರೆಲ್ಲಾ ಹಿಂಗ ನೆಲದ ಮ್ಯಾಲ ಆಡಿ ಸುಮ್ಮನಾಗ್ಲಿ ಅನ್ನೋ ಅರ್ಥದಾಗ ಬರದಾನ. ಮರುವರ್ಷನ ಮೊದಲ ಮಹಾಯುದ್ಧ ಬಂತು, ಅದು ಬ್ಯಾರೆ ಮಾತು. ಹಾಲ್‌ನಾಗ ದಾರಿ ಬಿಡು ಅಂತ ಮಗಗ ಹೇಳ್ರಿ, ಆಟ ಬಿಡಸಬ್ಯಾಡ್ರಿ.

ಪ್ರಶ್ನೆ (ಧಾರವಾಡದಿಂದ ಡಿಗ್ರಿ ಓದೋ ಹುಡುಗಿ): ಎಲ್ಲಾ ಗಂಡಸ್ರ ಹೆಸರ ಬರ್ತಾವಲ್ಲ? ಹೆಣ್ಮಕ್ಕಳು ಯಾರೂ ಆಡ್ಲೇ ಇಲ್ಲೇನ್ರಿ?

ಉತ್ತರ: ಆಡ್ಯಾರ ತಂಗಿ, ಆಡಿ ಅಡ್ಮಿರಲ್ಲನ್ನ ಸೋಲಿಸ್ಯಾರ. 1942ರ ಶುರುವಿಗೆ ಅಟ್ಲಾಂಟಿಕ್ ಸಮುದ್ರದಾಗ ಬ್ರಿಟನ್ನಿನ ಸರಕು ಹಡಗನ್ನ ಜರ್ಮನ್ ಸಬ್‌ಮರೀನ್‌ಗಳು ಮುಳುಗಿಸಿ ಮುಳುಗಿಸಿ ಇಡ್ತಿದ್ವು. ಟಿಬಿ ಬಂದು ನಿವೃತ್ತಿ ಆಗಿದ್ದ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್‌ನ್ನ ಲಿವರ್‌ಪೂಲಿಗೆ ಕಳಿಸಿ ಏನಾರ ದಾರಿ ಹುಡುಕು ಅಂದ್ರು. ಆತನ ಕೈಯಾಗಿದ್ದ ಮಂದಿ ಅಂದ್ರ ಬಹುತೇಕ ರೆನ್ಸ್, ಅಂದ್ರ ನೌಕಾದಳದ ಹೆಣ್ಮಕ್ಕಳ ತುಕಡಿ, ಭಾಳಷ್ಟು ಮಂದಿ ನಿನ್ನ ವಯಸ್ಸಿನವ್ರು. ಒಂದ್ ದೊಡ್ಡ ಕೋಣಿ ನೆಲಾನ ಸಮುದ್ರ ಮಾಡಿದ್ರು, ಹಡಗಿನ ದಾರಿ ಬಿಳಿ ಚಾಕ್‌ದಾಗ, ಸಬ್‌ಮರೀನಿನ ದಾರಿ ಹಸರ ಚಾಕ್‌ದಾಗ, ಆಡೋ ಆಫೀಸರ್‌ಗಳು ಪರದೆ ಹಿಂದ ನಿಂತು ಸಣ್ಣ ಕಿಂಡಿಯೊಳಗ ನೋಡಬೇಕು, ಅಲ್ಲಿಂದ ಹಸರು ಗೆರಿ ಕಾಣ್ತಿರ್ಲಿಲ್ಲ. ಪ್ರಷ್ಯಾದ ಗುಡ್ಡದ ಹಿಂದಿನ ದಂಡು ಇಲ್ಲಿ ನೀರಾಗ ಬಂತು ನೋಡು.

ಹಳೇ ದಾಳಿಗಳ ರಿಪೋರ್ಟ್ ಇಟ್ಕೊಂಡು ನೆಲದ ಮ್ಯಾಲ ಮತ್ತ ಆಡಿಸಿ ನೋಡಿದಾಗ ಒಂದ್ ವಿಷಯ ಹೊರಗ ಬಿತ್ತು. ಸಬ್‌ಮರೀನ್‌ಗಳು ಸರಕು ಹಡಗಿನ ಸಾಲಿನ ಹೊರಗಿಂದ ಹೊಡಿತಾವ ಅಂತ ಎಲ್ಲಾರೂ ತಿಳ್ಕೊಂಡಿದ್ರು, ಖರೆ ಅಂದ್ರ ಅವು ರಾತ್ರಿ ಹಿಂದಿಂದ ಸಾಲಿನ ಒಳಗ ನುಗ್ಗಿ ಒಳಗಿಂದನ ಹೊಡೀತಿದ್ವು. ಅದಕ್ಕ ಒಂದ್ ಹೊಸಾ ಪಟ್ಟು ಕಟ್ಟಿದ್ರು, ಅದಕ್ಕ ರ‍್ಯಾಸ್ಪ್‌ಬೆರಿ ಅಂತ ಹೆಸರಿಟ್ಟಾಕಿ ಜೀನ್ ಲೇಡ್ಲಾ, ಅಲ್ಲಿದ್ದ ಹೆಣ್ಮಗಳು. ಸಬ್‌ಮರೀನ್ ವಿಷಯದಾಗ ತನ್ನ ಬಿಟ್ರ ಇಲ್ಲ ಅನ್ನೋ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಬಂದು ತಾನ ಸಬ್‌ಮರೀನ್ ಆಗಿ ಆಡಿ, ಜಾನೆಟ್ ಓಕೆಲ್ ಅನ್ನೋ ಎಳೇ ಹುಡುಗಿ ಕೈಯಾಗ ಐದ್ ಸಲ ಸಿಕ್ಕು ಬಿದ್ದ. ಯುದ್ಧ ಮುಗಿಯೋದರೊಳಗ ಸುಮಾರು 5 ಸಾವಿರ ಆಫೀಸರ್‌ಗಳು ಅಲ್ಲಿ ಕಲ್ತು ಹೋದ್ರು.

ಪ್ರಶ್ನೆ (ರಾಣೆಬೆನ್ನೂರಿಂದ): ಬೋರ್ಡ್ ಗೇಮ್‌ಗಳಾಗ ಆರು ಮೂಲಿ ಮನಿ ಯಾಕ ಇರ್ತಾವ?

ಉತ್ತರ: ಚೌಕದಾಗ ಮೂಲಿಯಿಂದ ಮೂಲಿಗೆ ಹೋದ್ರ ದೂರ ಹೆಚ್ಚು, ಸುಮಾರು 1.4 ಪಟ್ಟು, ಆಟಗಾರ ಪುಕ್ಕಟ ನಡೀತಾನ. ಆರು ಮೂಲಿ ಮನಿದಾಗ ಆರೂ ಬಗಲಿನ ಮನಿ ಸಮ ದೂರ. ಅಮೆರಿಕಾದ ಚಾರ್ಲ್ಸ್ ರಾಬರ್ಟ್ಸ್ 1954ರಾಗ ಟ್ಯಾಕ್ಟಿಕ್ಸ್ ಅಂತ ಡಬ್ಬ್ಯಾಗ ಹಾಕಿ ಮಾರೋ ಆಟ ತಂದಾಗ ಚೌಕ ಇದ್ವು, 1958ರಾಗ ಅವಲಾನ್ ಹಿಲ್ ಕಂಪನಿ ಮಾಡಿದ, 1961ರಾಗ ಆರು ಮೂಲಿಗೆ ಬಂದ. ಆತನ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು, ಒಂದ್ ಸಣ್ಣ ಕೋಷ್ಟಕ. ನಿಮ್ಮ ಬಲ ಅವ್ರ ಬಲಕ್ಕ ಮೂರಕ್ಕ ಒಂದು ಐತೋ, ಎರಡಕ್ಕ ಒಂದು ಐತೋ ನೋಡಿ ದಾಳ ಒಗದು ಕೋಷ್ಟಕ ಓದೋದು. ಅಂಪೈರನ್ನ ಅಚ್ಚು ಹಾಕಿ ಡಬ್ಬ್ಯಾಗ ಇಟ್ಟು ಮಾರಿದ ಅನ್ರಿ. ಇಬ್ಬರ ಕುಂತು ಆಡಬಹುದು ಅಂತಾತು, ಆದ್ರ ಗುಡ್ಡದ ಹಿಂದಿಂದು ಮತ್ತ ಎಲ್ಲಾರಿಗೂ ಕಾಣಾಕ ಹತ್ತಿತು. ನನಗಂತೂ ಅದು ಲುಕ್ಸಾನ.

ಅಂಪೈರ್ ವಾಪಸ್ ಬಂದಿದ್ದು 1969ರಾಗ. ಮಿನ್ನೆಸೋಟಾದ ಡೇವಿಡ್ ವೆಸ್ಲಿ ಲೈಬ್ರರಿಯೊಳಗ ಅಮೆರಿಕಾದ ಟಾಟನ್ ಬರದ 1880ರ ಹಳೇ ವಾರ್‌ಗೇಮ್ ಪುಸ್ತಕ ಓದಿ, ಅಂಪೈರ್ ಇರೋ ಆಟ ಮಾಡಿದ, ಸೇನಾಪತಿ ಅಷ್ಟ ಅಲ್ಲ, ಒಬ್ಬ ಊರ ಮೇಯರ್, ಒಬ್ಬ ಯುನಿವರ್ಸಿಟಿ ಮುಖ್ಯಸ್ಥ, ಹಂಗ ಒಬ್ಬೊಬ್ರಿಗೆ ಒಂದೊಂದ್ ಪಾತ್ರ. ಆ ಮಂದ್ಯಾಗಿದ್ದ ಆರ್ನೆಸನ್ ಮತ್ತ ವಿಸ್ಕಾನ್ಸಿನ್‌ನ ಗೈಗ್ಯಾಕ್ಸ್ ಕೂಡಿ 1974ರಾಗ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನೋ, ಒಬ್ಬೊಬ್ರು ಒಂದೊಂದ್ ಪಾತ್ರ ಆಗಿ ಆಡೋ ಆಟ ತಂದ್ರು. ಮುಂದಿಂದು ನಿಮ್ಮ ಮನಿ ಹುಡುಗ್ರನ್ನ ಕೇಳ್ರಿ.

ಪ್ರಶ್ನೆ (ಹುಬ್ಬಳ್ಳಿ ಉಣಕಲ್‌ದಿಂದ ನಾಕು ಮಂದಿ ಗೆಳ್ಯಾರು): ರೊಕ್ಕಾ ಖರ್ಚ ಇಲ್ಲದ ರೈಸ್‌ವಿಟ್ಸ್‌ನ ಆಟ ಮನ್ಯಾಗ ಆಡಾಕ ಆಗ್ತೈತೇನ್ರಿ?

ಉತ್ತರ: ಆರಾಮ ಆಗ್ತೈತಿ, ಇನ್ನೊಬ್ಬನ್ನ ಕೂಡಿಸ್ಕೋರಿ. ಹುಬ್ಬಳ್ಳಿ-ಧಾರವಾಡದ ನಕಾಶಿ ತಗೋರಿ, ನಡುವ ಸುಮಾರು 20 ಕಿಲೋಮೀಟರ್ ಐತಿ, ರೈಸ್‌ವಿಟ್ಸ್‌ನ 1:8000ದಾಗ ಹಾಕಿದ್ರ ಎರಡೂವರೆ ಮೀಟರ್ ಆಗ್ತೈತಿ, ಗೋಡೆ ಬೇಕು. 1:50,000ದಾಗ 40 ಸೆಂಟಿಮೀಟರ್, ಡ್ರಾಯಿಂಗ್ ಶೀಟಿನ್ಯಾಗ ಕುಂದರ್ತೈತಿ. ಉಣಕಲ್ ಕೆರಿ, ನೃಪತುಂಗ ಬೆಟ್ಟ, ರೈಲ್ವೆ ಲೈನು, ಬೈಪಾಸು ಎಲ್ಲಾ ಗುರ್ತು ಹಾಕ್ರಿ. ಮೂರು ಕಾಪಿ, ಮೂರು ಕೋಣಿ, ಇಬ್ಬಿಬ್ರು ಒಂದ್ ಕಡೆ, ಐದನೇಯಾವ ಅಂಪೈರು. ಒಂದ್ ಸರ್ತಿ ಅಂದ್ರ ಅರ್ಧ ತಾಸು ಅನ್ಕೋರಿ, ಕಾಲಾಳು ತಾಸಿಗೆ 4 ಕಿಲೋಮೀಟರ್ ಅಂದ್ರ ಸರ್ತಿಗೆ 4 ಸೆಂಟಿಮೀಟರ್, ಗುಡ್ಡ ಏರ್ತಿದ್ರ 2. ಹುಕುಂ ವಾಟ್ಸಾಪಿನ್ಯಾಗ ಅಂಪೈರಿಗೆ ಕಳಸ್ರಿ, ದೂರ ಇರೋ ಪಡೆಗೆ ಹೋಗೋ ಹುಕುಂನ ಆತ ಒಂದ್ ಸರ್ತಿ ತಡದು ಜಾರಿ ಮಾಡ್ಲಿ. ಎದುರಾಳಿ 4 ಸೆಂಟಿಮೀಟರ್ ಒಳಗ ಬಂದ್ರಷ್ಟ, ನಡುವ ಗುಡ್ಡ ಇಲ್ಲಾಂದ್ರಷ್ಟ ಕಂಡ ಅಂತ ಹೇಳ್ಬೇಕು. ಹೊಡದಾಟಕ್ಕ ಒಂದ ದಾಳ ಸಾಕು, ಬಲ ಹೆಚ್ಚಿದ್ದವ್ರಿಗೆ ಒಂದು ಕೂಡಿಸ್ರಿ, ಮ್ಯಾಲ ಇರೋರಿಗೆ ಇನ್ನೊಂದು ಕೂಡಿಸ್ರಿ, ಕಡಿಮಿ ಬಂದವ್ರು ಹಿಂದ ಸರೀಬೇಕು.

ಅಂಪೈರ್ ಯಾರಾಗಬೇಕು ಅನ್ನೋ ಜಗಳಾ ಬಂದೇ ಬರ್ತೈತಿ, ಸೋತ್ರೂ ಗೆದ್ರೂ ಯಾರಿಗೂ ಹೇಳ್ದೇ ಮುಖಾ ಒಂದೇ ಥರಾ ಇಟ್ಕೊಳ್ಳೋ ಗೆಳ್ಯಾನ್ನ ಆರಿಸ್ರಿ, ಯಾಕಂದ್ರ ಆಡೋರು ಆತನ ಮಾರಿ ನೋಡೇ ಅರ್ಧ ನಕಾಶಿ ಓದಿಬಿಡ್ತಾರ. ಆಟ ಮುಗದಮ್ಯಾಲೆ ಮೂರೂ ನಕಾಶಿ ಒಂದ್ ಕಡೆ ಹಾಸಿ, ಎದುರಾಳಿ ಎಲ್ಲೆಲ್ಲಿ ಇದ್ದ ಅಂತ ನೀವು ತಿಳ್ಕೊಂಡಿದ್ರಿ, ಎಲ್ಲಿದ್ದ ಖರೆ ಅಂತ ಹೋಲಿಸಿ ನೋಡ್ರಿ. ಪ್ರಷ್ಯಾದ ಆಫೀಸರ್‌ಗಳೂ ಆಟ ಮುಗದಮ್ಯಾಲೆ ಚರ್ಚೆ ಮಾಡ್ತಿದ್ರು, ನೀವೂ ಚಾ ಮಾಡಿಸ್ಕೊಂಡು ಕುಂದರ್ರಿ. ಯಾರು ಎಲ್ಲಿ ಸಿಕ್ಕು ಬಿದ್ರಿ ಅಂತ ಬರದು ಕಳಿಸಿದ್ರ ಮುಂದಿನ ಸಂಚಿಕೆದಾಗ ಆಸ್ತಿ ತೆರಿಗಿ ಬಗಲಾಗ ಜಾಗಾ ಮಾಡಿ ಹಾಕ್ತೀವಿ.